ಊರ ಹೊರಗಿನ ನಿಲ್ದಾಣ

ನಮ್ಮ ಊರಿನ ಬಸ್ ನಿಲ್ದಾಣವನ್ನು ಪೇಟೆಯ ನಡುವಿನಿಂದ ಹೊರಕ್ಕೆ ಸಾಗಿಸಬೇಕೆಂಬ ಮನವಿಗೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ. ಮನವಿಯನ್ನು ತಂದವರು ನಮ್ಮ ಬೀದಿಯ ನಿವೃತ್ತ ಇಂಜಿನಿಯರೊಬ್ಬರು. ಅದರಲ್ಲಿದ್ದ ಮಾತುಗಳಲ್ಲಿ ಒಂದೂ ಸುಳ್ಳಾಗಿರಲಿಲ್ಲ. ಇಕ್ಕಟ್ಟಾದ ರಸ್ತೆ, ಹೊಗೆ, ಹಾರನ್ನಿನ ಕರ್ಕಶ, ಆಸ್ಪತ್ರೆಗೆ ಹೊರಟ ಆಂಬುಲೆನ್ಸಿಗೂ ದಾರಿ ಸಿಗದ ಸಂಜೆಗಳು, ಎಲ್ಲವೂ ನಾನು ಕಣ್ಣಾರೆ ಕಂಡದ್ದೇ. ಕಾಲೇಜಿಗೆ ಹೋಗುವಾಗ ದಿನವೂ ಕಾಲು ಗಂಟೆ ನನಗೆ ಅಲ್ಲಿ ವ್ಯರ್ಥವಾಗುತ್ತಿತ್ತು. ನನ್ನಿಂದ ಸಹಿ ಹಾಕಿಸಿದ್ದು ಆ ಕಾಲು ಗಂಟೆಯೇ ಎಂದು ಈಗ ಒಪ್ಪಿಕೊಳ್ಳುತ್ತೇನೆ. ಆಗ ಮಾತ್ರ ಅದಕ್ಕೆ ಸಾರ್ವಜನಿಕ ಹಿತವೆಂದು ಹೆಸರಿಟ್ಟಿದ್ದೆ.

ನಿಲ್ದಾಣ ಹೋಯಿತು. ನನ್ನ ಕಾಲು ಗಂಟೆ ಉಳಿಯಿತು. ಅವರೆಕಾಯಿಯ ಕಾಲ ಬಂತು. ಪ್ರತಿವರ್ಷದಂತೆ ಒಂದು ಚೀಲ ಕಾಯಿ, ಒಂದು ಡಬ್ಬಿ ತುಪ್ಪ ಹೊತ್ತುಕೊಂಡು ಹಳ್ಳಿಯಿಂದ ನಮ್ಮಕ್ಕ ಬಂದಳು. ಬಸ್ಸು ತಡವಾಗಿ ಇಳಿದಾಗ ರಾತ್ರಿ ಒಂಬತ್ತೂವರೆ. ಊರೊಳಕ್ಕೆ ಬರುವ ಕೊನೆಯ ಬಸ್ಸು ಆಗಲೇ ಹೊರಟುಹೋಗಿತ್ತು. 2023ರ ಜೂನಿನಿಂದ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಹೆಂಗಸರಿಗೆ ಪ್ರಯಾಣ ಉಚಿತವಷ್ಟೆ. ಅರವತ್ತು ಕಿಲೋಮೀಟರು ಕಾಸಿಲ್ಲದೆ ಬಂದವಳು ಕೊನೆಯ ಐದು ಕಿಲೋಮೀಟರಿಗೆ ಆಟೋದವನಿಗೆ ಇನ್ನೂರು ರೂಪಾಯಿ ತೆತ್ತಳು. ಫೋನು ಮಾಡಬಾರದಿತ್ತೇ ಎಂದರೆ, "ಕತ್ತಲಲ್ಲಿ ನಿನ್ನ ಯಾಕೆ ಓಡಾಡಿಸೋದು ಅಂತ ಸುಮ್ನಾದೆ ಕಣಪ್ಪ" ಎಂದಳು. ಆಮೇಲೆ ಚೀಲವನ್ನು ಇಳಿಸುತ್ತ, "ಬಸ್ಸು ನಿಮ್ಮೂರಿಗೆ ಬರೋದನ್ನೇ ಬಿಟ್ಟಿದೆ. ದೂರದಿಂದ ಊರು ತೋರಿಸಿ, ಇಳೀರಿ ಅಂತಾರೆ" ಎಂದು ನಕ್ಕಳು. ನಾನು ಹಾಕಿದ ಸಹಿಯ ಸಂಗತಿ ಅವಳಿಗೆ ತಿಳಿಯದು. ಹೇಳುವ ಧೈರ್ಯವೂ ನನಗಾಗಲಿಲ್ಲ.

ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ನಿಲ್ದಾಣವನ್ನು ಸಾಗಿಸಿದರೆ ತೊಂದರೆ ಇಲ್ಲವಾಗುತ್ತದೆಯೆ, ಇಲ್ಲವೇ ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ದಾಟುತ್ತದೆಯೆ? ದಾಟುವುದಾದರೆ, ಯಾವ ನ್ಯಾಯದಿಂದ?

ಇಂಜಿನಿಯರ ಬಳಿ ಈ ಮಾತೆತ್ತಿದೆ. ಅವರು ಸಜ್ಜನರು, ಸಿಟ್ಟಾಗಲಿಲ್ಲ. "ಮೇಷ್ಟ್ರೇ, ಇಡೀ ಊರಿನ ಹಿತಕ್ಕಿಂತ ಒಬ್ಬರ ಅನಾನುಕೂಲ ದೊಡ್ಡದೇ?" ಎಂದು ಕೇಳಿದರು. ಪ್ರಶ್ನೆ ಹಳೆಯದು, ತಳ್ಳಿಹಾಕುವಂಥದೂ ಅಲ್ಲ. ಹಳೆಯ ನಿಲ್ದಾಣದ ಪಕ್ಕದ ಮನೆಗಳಲ್ಲಿ ಹೊಗೆ ಕುಡಿದು ಕೆಮ್ಮುತ್ತಿದ್ದವರೂ ಮನುಷ್ಯರೇ. ಎಲ್ಲ ನಿಲ್ದಾಣಗಳೂ ಇದ್ದಲ್ಲೇ ಇರಬೇಕೆಂದು ನಾನು ಹೇಳಲಾರೆ. ಆದರೆ ಅವರ ಲೆಕ್ಕದಲ್ಲಿ ಒಂದು ಬಾಬತ್ತು ಬಿಟ್ಟುಹೋಗಿತ್ತು. ಊರಿನವರಿಗೆ ಉಳಿದ ನಿಮಿಷಗಳನ್ನು ಎಣಿಸಿದ್ದರು. ಹೊರಗಿನಿಂದ ಬರುವವರು ಕಳೆದುಕೊಳ್ಳುವ ನಿಮಿಷಗಳನ್ನು ಎಣಿಸಿರಲಿಲ್ಲ. ಎಣಿಸುವವರಾದರೂ ಯಾರು? ಪುರಸಭೆಯ ಚುನಾವಣೆಯಲ್ಲಿ ನಮ್ಮಕ್ಕನಿಗೆ ಓಟಿಲ್ಲ. ಮನವಿಯ ಹಾಳೆ ನಮ್ಮ ಬೀದಿಗೆ ಬಂತು. ಅವಳ ಹಳ್ಳಿಗೆ ಹೋಗಲಿಲ್ಲ.

ಇದು ನಮ್ಮ ಊರೊಂದರ ಕಥೆಯೂ ಅಲ್ಲ. ಬೆಂಗಳೂರಿನಲ್ಲಿ ಧರ್ಮಾಂಬುಧಿ ಕೆರೆಯಿದ್ದ ನೆಲದ ಮೇಲೆ ನಿಂತ ಕೆಂಪೇಗೌಡ ನಿಲ್ದಾಣವನ್ನು ಎಲ್ಲರೂ ಮೆಜೆಸ್ಟಿಕ್ ಎಂದೇ ಕರೆಯುತ್ತಾರೆ. ಅಲ್ಲಿನ ಜನಸಂದಣಿಯನ್ನು ಇಳಿಸಲು, ತುಮಕೂರು ರಸ್ತೆಯಾಗಿ ಹೋಗುವ ಬಸ್ಸುಗಳಿಗೆಂದು 2014ರಲ್ಲಿ ಪೀಣ್ಯದಲ್ಲಿ ಬಸವೇಶ್ವರ ನಿಲ್ದಾಣ ತೆರೆಯಿತು. ಕಟ್ಟಡ ವಿಶಾಲವಾಗಿತ್ತು, ಜನ ಮಾತ್ರ ಬರಲಿಲ್ಲ. ಕೆಲಕಾಲದಲ್ಲೇ ಬಸ್ಸುಗಳು ಮೆಜೆಸ್ಟಿಕ್ಕಿಗೆ ಮರಳಿದವು. ಜನರದು ಹಟವೆಂದು ಕೆಲವರೆಂದರು. ಹಾಗೆನ್ನುವ ಮುನ್ನ ಒಂದನ್ನು ನೋಡಬೇಕು. ಮೆಜೆಸ್ಟಿಕ್ಕಿನಲ್ಲಿ ಇಳಿದವನಿಗೆ ಎದುರಿಗೇ ರೈಲು, ಪಕ್ಕದಲ್ಲೇ ನಗರದ ಬಸ್ಸು. ಪೀಣ್ಯದಿಂದ ಮೆಟ್ರೊ 2014ರ ಮಾರ್ಚಿಯಿಂದ ಓಡುತ್ತಿತ್ತಾದರೂ ಸಂಪಿಗೆ ರಸ್ತೆಯಲ್ಲೇ ನಿಂತುಬಿಡುತ್ತಿತ್ತು. ಅದು ಮೆಜೆಸ್ಟಿಕ್ಕನ್ನು ಮುಟ್ಟಿದ್ದು 2017ರ ಜೂನಿನಲ್ಲಿ. ನೆರೆಯ ಚೆನ್ನೈಯಲ್ಲೂ ಹೀಗೆಯೇ. ಹೊರ ಊರುಗಳ ಬಸ್ಸುಗಳು 2002ರಲ್ಲಿ ಬ್ರಾಡ್‌ವೇಯಿಂದ ಕೋಯಂಬೇಡಿಗೆ ಹೋದವು. 2023ರ ಕೊನೆಯಲ್ಲಿ ದಕ್ಷಿಣದ ಜಿಲ್ಲೆಗಳ ಬಸ್ಸುಗಳಿಗೆಂದು ಇನ್ನೂ ದೂರದ ಕಿಲಾಂಬಾಕ್ಕಂನಲ್ಲಿ ನಿಲ್ದಾಣ ತೆರೆಯಿತು. ರೈಲಿನ ಹಳಿ ಹತ್ತಿರದಲ್ಲೇ ಹಾದುಹೋಗುತ್ತದೆ. ಆದರೆ ಬಸ್ ನಿಲ್ದಾಣ ತೆರೆದ ದಿನ ಅಲ್ಲಿ ರೈಲು ನಿಲ್ಲುವ ಸ್ಟೇಷನ್ನಿರಲಿಲ್ಲ. ಎರಡು ಕಡೆಯೂ ಮನೆ ಮೊದಲು ಎದ್ದಿತು, ದಾರಿ ಆಮೇಲೆ.

ಇಂಜಿನಿಯರಿಗೆ ನನ್ನ ಉತ್ತರ ಇಷ್ಟೆ. ಹಲವರ ಹಿತಕ್ಕಾಗಿ ಒಂದು ಕೆಲಸ ಮಾಡುವುದಾದರೆ, ಅದರ ಖರ್ಚನ್ನೂ ಆ ಹಲವರೇ ಹೊರಬೇಕು. ಲಾಭ ಊರಿನದು, ಬೆಲೆ ಮಾತ್ರ ಚೀಲ ಹೊತ್ತವಳದು ಎಂದರೆ ಅದನ್ನು ಹಿತವೆನ್ನಬಹುದೇ ಹೊರತು ನ್ಯಾಯವೆನ್ನಲಾಗದು. ಕಟ್ಟಕಡೆಯ ಬಸ್ಸು ಬಂದು ನಿಲ್ಲುವತನಕ ಊರೊಳಕ್ಕೆ ಹೋಗುವ ಬಸ್ಸು ಕಾದಿರಬೇಕು. ಹಳ್ಳಿಯಲ್ಲಿ ಪಡೆದ ಟಿಕೆಟು ಪೇಟೆಯವರೆಗೂ ಸಲ್ಲಬೇಕು. ಹಳೆಯ ನಿಲ್ದಾಣವನ್ನೇ ನೆಚ್ಚಿದ್ದ ಹೂವಿನವಳು, ಚಹದವನು, ಹಮಾಲಿ ಇವರಿಗೆ ಹೊಸ ಕಡೆ ಜಾಗವಿರಬೇಕು. ಇದಕ್ಕೆ ತಗಲುವ ಹಣವನ್ನು, ಕಾಲು ಗಂಟೆ ಉಳಿಸಿಕೊಂಡ ನಾವು ಕೊಡಬೇಕು. ಇಷ್ಟೂ ಆದಮೇಲೆ ನಿಲ್ದಾಣ ಹೊರಡಲಿ.

ಇಂಜಿನಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಷ್ಟಕ್ಕೆಲ್ಲ ಕಾದರೆ ಯಾವ ಕೆಲಸವೂ ಆಗುವುದಿಲ್ಲ, ಮೇಷ್ಟ್ರೇ" ಎಂದರು. ಇರಬಹುದು. ಕಾಯುವುದು ಕಷ್ಟವೆಂದು ನಮಗೆ ಗೊತ್ತು. ಕಾಲು ಗಂಟೆ ಕಾಯಲಾರದೆ ತಾನೇ ನಾವು ಸಹಿ ಹಾಕಿದ್ದು?

ಈ ವರ್ಷವೂ ಅವರೆಕಾಯಿಯ ಕಾಲ ಬಂತು. ಅಕ್ಕ ಬರಲಿಲ್ಲ. ಮೊಣಕಾಲು ನೋವೆಂದು ಫೋನಿನಲ್ಲಿ ಹೇಳಿದಳು. ನೋವು ನಿಜವೇ ಇದ್ದೀತು. ಆದರೆ ಕಳೆದ ಹತ್ತು ವರ್ಷಗಳಿಂದಲೂ ಅವಳಿಗೆ ಆ ನೋವು ಇತ್ತು.