ಲಕ್ಕಮ್ಮನ ಪ್ರಶ್ನೆಯೂ ಜಿಲ್ಲಾ ಪಂಚಾಯಿತಿಯ ಖಾಲಿ ಕುರ್ಚಿಯೂ

ಅನುಭವ ಮಂಟಪವೇ ಜಗತ್ತಿನ ಮೊದಲ ಸಂಸತ್ತು ಎಂಬ ಮಾತು ನಮ್ಮ ವೇದಿಕೆಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ತುಮಕೂರು ಸೀಮೆಯವರಿಗೆ ಈ ಮಾತು ಇನ್ನಷ್ಟು ಹತ್ತಿರದ್ದು. ಶರಣರು ಕಲ್ಯಾಣದಲ್ಲಿ ಎದುರುಬದುರು ಕೂತು ವಾದಿಸಿದ ಚಿತ್ರ ನಮ್ಮ ಮನಸ್ಸಿನಲ್ಲಿ ನಿಂತಿರುವುದು ಬಹುಪಾಲು ಅವರ ಸಂವಾದಗಳ ಸಂಕಲನಗಳಾದ ಶೂನ್ಯಸಂಪಾದನೆಗಳಿಂದ. ಅವುಗಳಲ್ಲಿ ಕೊನೆಯದನ್ನು ಸಂಕಲಿಸಿದ ಸಿದ್ಧವೀರಣೊಡೆಯರು ನಗರದ ಪಕ್ಕದ ಗೂಳೂರಿನವರು. ಅದೇ ಪರಂಪರೆಯ ತೋಂಟದ ಸಿದ್ಧಲಿಂಗೇಶ್ವರರ ಗದ್ದುಗೆ ಇರುವುದು ಕುಣಿಗಲ್ ತಾಲ್ಲೂಕಿನ ಯಡಿಯೂರಿನಲ್ಲಿ. ಆದರೂ ಈ ಹೋಲಿಕೆಯಲ್ಲಿ ಒಂದು ತೊಡಕಿದೆ. ಮಂಟಪಕ್ಕೆ ಯಾರನ್ನೂ ಯಾರೂ ಆರಿಸಿ ಕಳಿಸಲಿಲ್ಲ. ಅಲ್ಲಿ ಮಾತಾಡುವ ಅಧಿಕಾರ ಅವರವರ ಅನುಭವದಿಂದ ಬಂತು, ಅನುಭವವನ್ನೋ ಒಬ್ಬರ ಪರವಾಗಿ ಇನ್ನೊಬ್ಬರು ಉಣ್ಣಲಾಗದು. ಹಾಗಿದ್ದರೆ ಸಾವಿರಾರು ಜನರ ಹೆಸರಿನಲ್ಲಿ ಒಬ್ಬರು ಸಭೆಯಲ್ಲಿ ಕೂರುವುದಕ್ಕೆ ನೈತಿಕ ಆಧಾರ ಯಾವುದು?

ಜಿಲ್ಲಾ ಪಂಚಾಯಿತಿಯ ರಚನೆಯಲ್ಲೇ ಈ ಪ್ರಶ್ನೆ ಅಡಗಿದೆ. ಆಗಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್ ಅವರ ಮುತುವರ್ಜಿಯಿಂದ ಬಂದ 1983ರ ಕಾಯ್ದೆಯಡಿ 1987ರಲ್ಲಿ ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆಯಿತು. ಸಂವಿಧಾನದ 73ನೇ ತಿದ್ದುಪಡಿಯ ನಂತರ ಬಂದ 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆ ಸಾಮಾನ್ಯವಾಗಿ 40,000 ಜನಸಂಖ್ಯೆಗೆ ಒಬ್ಬ ಸದಸ್ಯ ಎಂಬ ಲೆಕ್ಕ ಇಟ್ಟಿತು. 2016ರಲ್ಲಿ ತುಮಕೂರು ಜಿಲ್ಲೆಯ ಹತ್ತು ತಾಲ್ಲೂಕುಗಳಿಂದ 57 ಸದಸ್ಯರು ಆರಿಸಿ ಬಂದರು. ಶಾಸಕರು, ಸಂಸದರು, ತಾಲ್ಲೂಕು ಪಂಚಾಯಿತಿ ಅಧ್ಯಕ್ಷರಿಗೂ ಸಭೆಯಲ್ಲಿ ಸ್ಥಾನವಿದೆ. ಆದರೆ ಅಧ್ಯಕ್ಷರನ್ನು ಜನರಿಂದ ನೇರವಾಗಿ ಆಯ್ಕೆಯಾದ ಸದಸ್ಯರೇ ತಮ್ಮೊಳಗಿಂದ ಆರಿಸಬೇಕು. ಕೆಲಸ ಸ್ಥಾಯಿ ಸಮಿತಿಗಳಲ್ಲಿ ಹಂಚಿಹೋಗುತ್ತದೆ. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗಗಳಿಗೆ ಮೀಸಲಾತಿಯಿದೆ, ಅರ್ಧದಷ್ಟು ಸ್ಥಾನ ಮಹಿಳೆಯರಿಗೆ. ಮೀಸಲಾತಿಯನ್ನು ಬರೀ ಹಂಚಿಕೆಯ ಲೆಕ್ಕವೆಂದು ನೋಡುವವರು ಅದರ ತಿರುಳನ್ನು ಕಾಣುವುದಿಲ್ಲ. ಕೆಲವು ನೋವುಗಳನ್ನು ಉಂಡವರೇ ಹೇಳಬೇಕು ಎಂಬ ಶರಣರ ಮಾರ್ಗವನ್ನು ಮತಪೆಟ್ಟಿಗೆಯ ವ್ಯವಸ್ಥೆ ಒಪ್ಪಿಕೊಂಡಿರುವುದು ಅಲ್ಲಿಯೇ.

ಆದರೆ ಅನುಭವವೊಂದೇ ಸಾಕೆ? ಶೂನ್ಯಸಂಪಾದನೆಯಲ್ಲಿ ಬರುವ ಆಯ್ದಕ್ಕಿ ಮಾರಯ್ಯನ ಪ್ರಸಂಗ ಇದಕ್ಕೆ ಉತ್ತರ ಕೊಡುತ್ತದೆ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಹೆಂಡತಿ ಲಕ್ಕಮ್ಮ ಅದನ್ನು ನೋಡಿದವಳೇ ತಡೆದಳು: ಇಷ್ಟೇಕೆ, ಈ ಆಸೆ ಎಲ್ಲಿಂದ ಬಂತು? ಹೆಚ್ಚಿನದನ್ನು ಇದ್ದಲ್ಲಿಗೇ ಸುರಿದು ಬರಲು ಕಳಿಸಿದಳು. ಮಾರಯ್ಯ ಕಳ್ಳನಲ್ಲ, ಮೂರ್ಖನೂ ಅಲ್ಲ. ಕಲ್ಯಾಣದ ದೊಡ್ಡ ಶರಣ. ಅಂಥವನ ಮಡಿಲಿನ ಅಕ್ಕಿಯನ್ನೂ ಬಿಚ್ಚಿ ನೋಡುವ ಒಬ್ಬಳು ಬಾಗಿಲಲ್ಲಿ ನಿಂತಿದ್ದಳು, ಅವಳ ಮಾತಿಗೆ ಅವನು ತಲೆಬಾಗಿದ. ಪ್ರಾತಿನಿಧ್ಯದ ಆಧಾರವೂ ಇದೇ ಎಂದು ನನ್ನ ವಾದ. ಪ್ರತಿನಿಧಿ ನಮಗಿಂತ ಜಾಣ ಎಂದಲ್ಲ, ನಮ್ಮ ನೋವನ್ನೆಲ್ಲ ಉಂಡವನು ಎಂದೂ ಅಲ್ಲ; ನಾವು ತಡೆದು ಕೇಳಬಹುದಾದವನು, ಕೇಳಿದರೆ ಉತ್ತರ ಕೊಡಲೇಬೇಕಾದವನು ಎಂಬುದರಿಂದ ಅವನಿಗೆ ಆ ಕುರ್ಚಿ ಸಲ್ಲುತ್ತದೆ.

ಜಿಲ್ಲಾ ಪಂಚಾಯಿತಿಗೆ 2016ರಲ್ಲಿ ಆಯ್ಕೆಯಾದವರ ಅವಧಿ 2021ರಲ್ಲಿ ಮುಗಿಯಿತು. ಪಂಚಾಯಿತಿಯ ಆಯುಸ್ಸು ಐದು ವರ್ಷ, ಅದಕ್ಕಿಂತ ಹೆಚ್ಚಿಲ್ಲ, ಅದು ಮುಗಿಯುವ ಮೊದಲೇ ಚುನಾವಣೆ ನಡೆಯಬೇಕು ಎಂದು ಸಂವಿಧಾನದ 243ಇ ವಿಧಿ ಖಚಿತವಾಗಿ ಹೇಳುತ್ತದೆ. ಕ್ಷೇತ್ರ ವಿಂಗಡಣೆ, ಮೀಸಲಾತಿ, ನ್ಯಾಯಾಲಯದ ವ್ಯಾಜ್ಯ ಎನ್ನುತ್ತ 2022, 2023, 2024 ಕಳೆದವು. ಅಧ್ಯಕ್ಷರ ಜಾಗದಲ್ಲಿ ಸರ್ಕಾರ ನೇಮಿಸಿದ ಆಡಳಿತಾಧಿಕಾರಿ ಬಂದರು. ಅಧಿಕಾರಿಗಳೇ ಚೆನ್ನಾಗಿ ನಡೆಸುತ್ತಿರುವಾಗ ಪುಢಾರಿಗಳು ಯಾಕೆ ಎಂದು ಕೇಳುವವರಿದ್ದಾರೆ. ಅಧಿಕಾರಿ ದಕ್ಷರಿರಬಹುದು, ಪ್ರಾಮಾಣಿಕರೂ ಇರಬಹುದು. ಅವರು ಉತ್ತರ ಹೇಳಬೇಕಾದದ್ದು ಮಾತ್ರ ಬೆಂಗಳೂರಿಗೆ. ಶಾಸಕರು ಇದ್ದಾರಲ್ಲ ಎನ್ನುವುದು ಇನ್ನೊಂದು ಆಕ್ಷೇಪ. ಊರಿನ ಅಂಗನವಾಡಿಯ ಚಾವಣಿ ಸೋರುವುದನ್ನೂ ರಾಜ್ಯದ ಬಜೆಟ್ಟನ್ನೂ ಒಬ್ಬರೇ ಹೊತ್ತರೆ, ಹಗುರ ದನಿಯವರ ಮಾತು ಹಿಂದೆ ಬೀಳುತ್ತದೆ. ಮೂರನೆಯ ಆಕ್ಷೇಪವೇ ನಿಜಕ್ಕೂ ತೂಕದ್ದು: ಗೆದ್ದ ಮಹಿಳೆಯ ಹೆಸರಿನಲ್ಲಿ ಗಂಡ ದರ್ಬಾರು ನಡೆಸುವುದು. ಇದು ಸುಳ್ಳಲ್ಲ, ನಾಚಿಕೆಯ ಸಂಗತಿ. ಆದರೆ ಮಾರಯ್ಯನನ್ನು ತಡೆದವಳು ಹೆಂಡತಿ ಎಂಬುದನ್ನು ಮರೆಯಬಾರದು. ಲಕ್ಕಮ್ಮನ ಜಾಗದಲ್ಲಿ ಇನ್ನಾರೋ ಕೂತಿದ್ದರೆ ಎಬ್ಬಿಸಬೇಕೇ ಹೊರತು ಜಾಗವನ್ನೇ ತೆಗೆಯುವುದಲ್ಲ.

ಈ ಜಾಗ ಎಷ್ಟು ಬೇಕಾಗಿತ್ತು ಎಂಬುದು ಹೇಮಾವತಿ ಎಕ್ಸ್‌ಪ್ರೆಸ್ ಕೆನಾಲ್ ವಿವಾದದಲ್ಲಿ ಕಂಡಿತು. ನಾಲೆಯ ಕೊನೆಯಲ್ಲಿರುವ ಕುಣಿಗಲ್ಲಿನವರು ತಮ್ಮ ಪಾಲಿನ ನೀರು ತಲುಪುತ್ತಿಲ್ಲ ಎನ್ನುತ್ತಾರೆ; ನೇರ ಕಾಲುವೆ ತೋಡಿದರೆ ತಮ್ಮ ತೋಟಗಳು ಒಣಗುತ್ತವೆ ಎಂದು ಗುಬ್ಬಿಯ ರೈತರು ಬೀದಿಗಿಳಿದರು. ಇಬ್ಬರ ಭಯವೂ ನಿಜ. ನಾಲೆಯ ತೀರ್ಮಾನ ಜಿಲ್ಲಾ ಪಂಚಾಯಿತಿಯ ಕೈಯಲ್ಲಿಲ್ಲ, ಅದು ರಾಜ್ಯ ಸರ್ಕಾರದ್ದು. ಆದರೆ ಗುಬ್ಬಿಯ ಸದಸ್ಯರೂ ಕುಣಿಗಲ್ಲಿನ ಸದಸ್ಯರೂ ತಮ್ಮ ತಮ್ಮ ಊರಿನವರ ಕಣ್ಣೆದುರೇ ಒಂದೇ ಸಭೆಯಲ್ಲಿ ಕೂತು, ನಿಮಗೆಷ್ಟು ನಮಗೆಷ್ಟು ಎಂದು ಮುಖ ನೋಡಿ ಮಾತಾಡಬೇಕಾಗಿದ್ದ ಸಭಾಂಗಣ ಇರುವುದು ತುಮಕೂರಿನಲ್ಲೇ. 2024ರಲ್ಲಿ ಆ ಜಗಳ ರಸ್ತೆಗೆ ಬಂದಾಗ ಅಲ್ಲಿ ಎರಡೂ ತಾಲ್ಲೂಕುಗಳ ಒಬ್ಬ ಚುನಾಯಿತ ಜಿಲ್ಲಾ ಪಂಚಾಯಿತಿ ಸದಸ್ಯರೂ ಇರಲಿಲ್ಲ.