ಉತ್ತರಕುಮಾರ ಆಮೇಲೆ ಏನಾದ?

ನೀಲಗಿರಿಯ ಆಷಾಢ ಹೇಗಿರುತ್ತದೆಂದು ಈ ಸಂಚಿಕೆಯ ಓದುಗರಿಗೆ ವಿವರಿಸಬೇಕಾಗಿಲ್ಲ. ಗೂಡಲೂರಿನ ಕಡೆಯಿಂದ ಏರಿಬಂದ ಮೋಡ ಉದಕಮಂಡಲದ ಬೀದಿಗಳಲ್ಲಿ ಬೀಡುಬಿಟ್ಟಿತೆಂದರೆ ಶಾಲೆಗಳಿಗೆ ರಜೆ. ಮಕ್ಕಳು ಮನೆಯೊಳಗೆ ಸೆರೆ, ಅವರೊಡನೆ ನಾವೂ ಸೆರೆ. ಅಂತಹ ಒಂದು ಮಳೆವಾರದಲ್ಲಿ ಮೊಮ್ಮಕ್ಕಳಿಗೆ ವಿರಾಟಪರ್ವದ ಕಥೆ ಹೇಳಲು ಕುಳಿತೆವು. ಶಾಲೆಯಲ್ಲಿ ಇಂಗ್ಲಿಷ್, ಅಂಗಡಿಬೀದಿಯಲ್ಲಿ ತಮಿಳು ಎಂದು ಬೆಳೆಯುತ್ತಿರುವ ಇಲ್ಲಿನ ನಮ್ಮ ಮಕ್ಕಳಿಗೆ ಕನ್ನಡವು ಅಡುಗೆಮನೆಯಲ್ಲಿ ಮತ್ತು ಕಥೆಯೊಳಗೆ ಮಾತ್ರ ದೊರೆಯುವ ವಸ್ತುವಾಗಿದೆ. ಆದುದರಿಂದ ಕಥೆಯನ್ನು ಸ್ವಲ್ಪ ಬೆಳೆಸಿಯೇ ಹೇಳುವುದು ನಮ್ಮ ರೂಢಿ.

ಅಂತಃಪುರದ ಹೆಂಗಳೆಯರ ನಡುವೆ ಕುಳಿತು ಕೌರವರನ್ನು ಒಬ್ಬನೇ ಅಟ್ಟಿಬಿಡುವೆನೆಂದ ರಾಜಕುಮಾರ, ಏನು ಮಾಡುವುದು, ತಕ್ಕ ಸಾರಥಿಯಿಲ್ಲವಲ್ಲ ಎಂದು ಕೊರಗಿದ್ದು. ಸಾರಥಿ ದೊರೆತ ಮೇಲೆ, ಕಡಲಿನಂತೆ ಹರಡಿದ ಸೇನೆಯನ್ನು ಕಂಡು ರಥದಿಂದ ಧುಮುಕಿ ಓಡಿದ್ದು. ಬೃಹನ್ನಳೆ ಬೆನ್ನಟ್ಟಿ ಹಿಡಿದೆಳೆದು ತಂದದ್ದು. ಮಕ್ಕಳು ಬಿದ್ದು ಬಿದ್ದು ನಕ್ಕರು. ‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬ ಗಾದೆಯನ್ನು ಬಾಯಿಪಾಠ ಮಾಡಿಸಿ ನಾವು ಕಥೆ ಮುಗಿಸಿದೆವು. ಆಗ ಕಿರಿಯವನು ಕೇಳಿದ: “ತಾತ, ಆಮೇಲೆ ಉತ್ತರ ಏನಾದ?”

ಅರ್ಜುನನ ರಥ ಹೊಡೆದ ಎಂದೆವು. “ಆಮೇಲೆ?” ಅಭಿಮನ್ಯುವಿಗೆ ಉತ್ತರೆಯನ್ನು ಕೊಟ್ಟು ಮದುವೆ ಮಾಡಿದರು ಎಂದೆವು. “ಅದು ಉತ್ತರೆ ತಾತ. ಉತ್ತರ ಏನಾದ?” ಗಮಕದಲ್ಲಿ, ಯಕ್ಷಗಾನದಲ್ಲಿ, ಹಿರಿಯರ ಬಾಯಲ್ಲಿ ಎಷ್ಟೋ ಬಾರಿ ಕೇಳಿದ ಕಥೆ, ಆದರೂ ಆ ಪ್ರಶ್ನೆಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ನಮ್ಮ ಪೇಚಾಟವನ್ನು ಕಂಡು ಹಿರಿಯ ಮೊಮ್ಮಗಳು, “ನಾವು ನೋಡೋ ಸೀರಿಯಲ್‌ನಲ್ಲೂ ಇಂಥವನೊಬ್ಬ ಇದ್ದಾನೆ ತಾತ. ಆದರೆ ಅವನು ಕೊನೆವರೆಗೂ ಹಾಗೇ ಇರೋದಿಲ್ಲ” ಎಂದಳು.

ಹೀಗೆ ಮಳೆ ನಿಲ್ಲುವ ಹೊತ್ತಿಗೆ ನಾವು, ಈ ವಯಸ್ಸಿನಲ್ಲಿ, ‘ಅವತಾರ್: ದಿ ಲಾಸ್ಟ್ ಏರ್‌ಬೆಂಡರ್’ ಎಂಬ ಅಮೆರಿಕದ ಅನಿಮೇಷನ್ ಧಾರಾವಾಹಿಯ 61 ಕಂತುಗಳನ್ನೂ ಮಕ್ಕಳ ಪಕ್ಕದಲ್ಲಿ ಕುಳಿತು ನೋಡಿ ಮುಗಿಸಿದೆವು. ಮೈಕೆಲ್ ಡಾಂಟೆ ಡಿಮಾರ್ಟಿನೋ ಮತ್ತು ಬ್ರಯಾನ್ ಕೊನಿಯೆಟ್ಸ್‌ಕೋ ಎಂಬಿಬ್ಬರು ರೂಪಿಸಿದ ಇದು 2005ರಿಂದ 2008ರವರೆಗೆ ಪ್ರಸಾರವಾಯಿತು. ನೀರು, ಮಣ್ಣು, ಬೆಂಕಿ, ಗಾಳಿಗಳನ್ನು ಕೈಸನ್ನೆಯಿಂದ ಆಳಬಲ್ಲ ಜನರಿರುವ ಒಂದು ಕಲ್ಪಿತ ಲೋಕ. ಅಲ್ಲಿ ಬೆಂಕಿಯ ರಾಷ್ಟ್ರ ಹೂಡಿದ ನೂರು ವರ್ಷಗಳ ಯುದ್ಧ. ನಾಲ್ಕು ಭೂತಗಳನ್ನೂ ವಶಪಡಿಸಿಕೊಂಡು ಅದನ್ನು ನಿಲ್ಲಿಸಬೇಕಾದವನು ಆಂಗ್ ಎಂಬ ಹನ್ನೆರಡರ ಬಾಲಕ. ನಮ್ಮ ಮಾತು ಅವನನ್ನು ಕುರಿತದ್ದಲ್ಲ. ಅವನ ಜೊತೆಗೆ ತಂಗಿಯನ್ನು ಕರೆದುಕೊಂಡು ಹೊರಡುವ ಹದಿನೈದರ ಹುಡುಗನೊಬ್ಬನಿದ್ದಾನೆ. ಇಂಗ್ಲಿಷ್ ಅಕ್ಷರಗಳನ್ನು ನಮ್ಮ ರೂಢಿಯಂತೆ ಓದಿ ನಾವು ಅವನನ್ನು ‘ಸೊಕ್ಕ’ ಎಂದೆವು. ಮಕ್ಕಳು ತಿದ್ದಿದರು, ಧಾರಾವಾಹಿಯಲ್ಲಿ ಆ ಹೆಸರು ‘ಸಾಕಾ’ ಎಂದು ಕೇಳಿಸುತ್ತದೆ. ಕನ್ನಡದ ಕಿವಿಗೆ ಮೊದಲನೆಯದರಲ್ಲಿ ಗರ್ವವಿದೆ, ಎರಡನೆಯದರಲ್ಲಿ ಒಂದು ಪ್ರಶ್ನೆಯಿದೆ. ಅವನ ಕಥೆಯೆಲ್ಲ ಮೊದಲನೆಯದರಿಂದ ಎರಡನೆಯದಕ್ಕೆ ನಡೆಯುವ ದಾರಿಯೆಂದು ಹೇಳಿದರೆ ಆ ಹೆಸರಿಟ್ಟವರೇ ಬೆರಗಾದಾರು. ಇರಲಿ, ಬಾಯಿಗೆ ಹತ್ತಿದ ‘ಸೊಕ್ಕ’ನನ್ನೇ ಇಲ್ಲಿ ಉಳಿಸಿಕೊಳ್ಳುತ್ತೇವೆ.

ಸೊಕ್ಕನಿಗೆ ಯಾವ ಭೂತವೂ ವಶವಲ್ಲ. ದಕ್ಷಿಣ ಧ್ರುವದ ಅವನ ಹಿಮದ ಹಳ್ಳಿಯಿಂದ ತಂದೆಯೂ ಸೇರಿ ಗಂಡಸರೆಲ್ಲ ಯುದ್ಧಕ್ಕೆ ಹೋಗಿದ್ದಾರೆ. ಹುಡುಗನೆಂದು ಅವನನ್ನು ಬಿಟ್ಟುಹೋಗಿದ್ದಾರೆ. ಅಂದಿನಿಂದ ಊರ ರಕ್ಷಣೆ ತನ್ನದೆಂದು ಅವನೇ ತಿಳಿದುಕೊಂಡಿದ್ದಾನೆ. ಎಳೆಯ ಮಕ್ಕಳನ್ನು ಮುಂದೆ ಕೂರಿಸಿಕೊಂಡು ಯುದ್ಧವಿದ್ಯೆಯನ್ನು ಬೋಧಿಸುತ್ತಾನೆ. ಕೇಳುವ ಮಕ್ಕಳಿಗೆ ಮೂತ್ರದ ಅವಸರ. ಹೆಂಗಸರಿಗೆ ಹೊಲಿಗೆ, ಗಂಡಸರಿಗೆ ಬೇಟೆ ಎಂಬುದು ಅವನ ಧರ್ಮಶಾಸ್ತ್ರ. ಶತ್ರುವಿನ ಹಡಗು ಬಂದಾಗ ಮುಖಕ್ಕೆ ಬಣ್ಣ ಬಳಿದುಕೊಂಡು ಒಬ್ಬನೇ ಎದುರು ನಿಲ್ಲುತ್ತಾನೆ, ಒಂದು ಒದೆತಕ್ಕೆ ಪಕ್ಕಕ್ಕೆ ಉರುಳುತ್ತಾನೆ. “ಆದರೆ ಓಡಿಹೋಗಲಿಲ್ಲ, ನೋಡಿ ತಾತ” ಎಂದು ಮೊಮ್ಮಗಳು ಎಚ್ಚರಿಸಿದಳು. ನಿಜ, ಅಷ್ಟರಮಟ್ಟಿಗೆ ಅವನು ನಮ್ಮ ಉತ್ತರನಿಗಿಂತ ಮೇಲು. ಜಂಭದಲ್ಲಿ ಮಾತ್ರ ಇಬ್ಬರೂ ಒಂದೇ ತಕ್ಕಡಿ.

ಮೊದಲ ಭಾಗದ ನಾಲ್ಕನೆಯ ಕಂತಿನಲ್ಲಿ ಕ್ಯೋಶಿ ಎಂಬ ದ್ವೀಪದ ಯೋಧೆಯರು ಅವನನ್ನು ಸೆರೆಹಿಡಿಯುತ್ತಾರೆ. ಹೆಣ್ಣುಮಕ್ಕಳ ಕೈಯಲ್ಲಿ ತಾನು ಸಿಕ್ಕಿದ್ದು ಆಕಸ್ಮಿಕವೆಂದು ತೋರಿಸಲು ಹೋಗಿ, ಅವರ ನಾಯಕಿ ಸುಕಿಯಿಂದ ಎಲ್ಲರ ಮುಂದೆ ಸೋಲುತ್ತಾನೆ. ಇಲ್ಲಿಯವರೆಗೆ ಹಾಸ್ಯ. ಆಮೇಲೆ ಅವನು ಮಾಡುವುದು ಹಾಸ್ಯವಲ್ಲ: ತಾನಾಗಿ ಮರಳಿ ಹೋಗಿ ಮಂಡಿಯೂರಿ, ತನ್ನ ತಪ್ಪನ್ನು ಒಪ್ಪಿಕೊಂಡು, ವಿದ್ಯೆ ಕಲಿಸಿರೆಂದು ಬೇಡುತ್ತಾನೆ. ಕಲಿಯುವವನು ಅವರಂತೆಯೇ ಉಡುಪು ತೊಟ್ಟು ಬಣ್ಣ ಹಚ್ಚಿಕೊಳ್ಳಬೇಕೆಂಬ ಷರತ್ತಿಗೆ, ಗೊಣಗಿಕೊಂಡಾದರೂ, ಒಪ್ಪುತ್ತಾನೆ. ವಿರಾಟನಗರದಲ್ಲಿ ಹೆಣ್ಣುಡುಗೆ ತೊಟ್ಟವನು ಗುರು, ಇಲ್ಲಿ ಶಿಷ್ಯ. ಗಂಡಸುತನದ ಬಡಾಯಿ ಇಳಿಯುವ ಜಾಗ ಮಾತ್ರ ಎರಡು ಕಥೆಗಳಲ್ಲೂ ಅದೇ.

ಮೂರನೆಯ ಭಾಗದ ಒಂದು ದೃಶ್ಯ ನಮ್ಮನ್ನು ಬಹಳವಾಗಿ ಕಾಡಿತು. ಸೂರ್ಯಗ್ರಹಣದ ದಿನ ಶತ್ರುರಾಜಧಾನಿಯ ಮೇಲೆ ದಾಳಿ. ಅದರ ಯೋಜನೆ ಸೊಕ್ಕನದು. ಕೂಡಿದ ಯೋಧರಿಗೆ ಅದನ್ನು ವಿವರಿಸಲು ಅವನು ವೇದಿಕೆ ಹತ್ತುತ್ತಾನೆ. ಹಾಳೆಗಳು ಕೈಜಾರಿ ಬೀಳುತ್ತವೆ, ಮಾತು ಎಲ್ಲಿಂದಲೋ ಎಲ್ಲಿಗೋ ಅಲೆಯುತ್ತದೆ, ಸಭೆ ಪಿಳಿಪಿಳಿ ನೋಡುತ್ತದೆ. ಕೊನೆಗೆ ತಂದೆಯೇ ಮೇಲೆ ಬಂದು ಅವನ ಮಾತನ್ನು ಮುಗಿಸಬೇಕಾಗುತ್ತದೆ. ಮಕ್ಕಳು ನಕ್ಕರು. ನಮಗೆ ನಗು ಬರಲಿಲ್ಲ. ಕಾರಣವನ್ನು ಮುಂದೆ ಹೇಳುತ್ತೇವೆ. ಅದೇ ದಿನ ಕದನದಲ್ಲಿ ತಂದೆ ಗಾಯಗೊಂಡಾಗ ಆ ಸೇನೆಯ ಮುಂದೆ ನಡೆಯುವವನು ಅದೇ ಹುಡುಗ. ದಾಳಿ ಸೋಲುತ್ತದೆ. ಹೊಣೆಯನ್ನು ಅವನು ಗ್ರಹಣದ ಮೇಲಾಗಲಿ ಗ್ರಹಚಾರದ ಮೇಲಾಗಲಿ ಹೊರಿಸದೆ, ಸೆರೆಯಾದ ತಂದೆಯನ್ನು ಬಿಡಿಸಲು ಹೊರಡುತ್ತಾನೆ.

ಕೊನೆಯ ಯುದ್ಧದಲ್ಲಿ ಕಾಲು ಮುರಿದುಕೊಂಡು, ಕುರುಡಿಯಾದ ಗೆಳತಿ ಟಾಫಳನ್ನು ಒಂದು ಕೈಯಲ್ಲಿ ಹಿಡಿದು ವಾಯುನೌಕೆಯ ಅಂಚಿನಲ್ಲಿ ನೇತಾಡುತ್ತ, ತನ್ನ ಬೂಮರಾಂಗನ್ನೂ ತಾನೇ ರೂಪಿಸಿಕೊಂಡ ಖಡ್ಗವನ್ನೂ ಒಂದಾದ ಮೇಲೊಂದು ಎಸೆದು ಅವಳ ಪ್ರಾಣ ಉಳಿಸುತ್ತಾನೆ. ಎಸೆದಾಗಲೆಲ್ಲ ಕೈಗೆ ಮರಳುತ್ತಿದ್ದ ಆ ಆಯುಧ ಈ ಬಾರಿ ಮರಳುವುದಿಲ್ಲ. ಅವನಿಗೆ ಯಾವ ದಿವ್ಯಶಕ್ತಿಯೂ ಕೊನೆಯವರೆಗೆ ಬರಲಿಲ್ಲ, ತಮಾಷೆ ಮಾಡುವ ಚಪಲವೂ ಹೋಗಲಿಲ್ಲ. ಹಳೆಯ ಸೊಕ್ಕನನ್ನು ಕೊಂದು ಹೊಸಬನನ್ನು ತಂದು ನಿಲ್ಲಿಸದ ಈ ಸಂಯಮವನ್ನು ನಾವು ಬಹಳ ಮೆಚ್ಚಿದೆವು.

ಧಾರಾವಾಹಿ ಮುಗಿದ ರಾತ್ರಿ ಹಳೆಯ ಪುಸ್ತಕಗಳನ್ನು ಕೆಳಗಿಳಿಸಿ, ಉತ್ತರ ಏನಾದನೆಂದು ವ್ಯಾಸಭಾರತದಲ್ಲಿ ಹುಡುಕಿದೆವು. ನಾಚಿಕೆಯೆನಿಸಿತು. ನಾವು ಮಕ್ಕಳಿಗೆ ಹೇಳದೆ ಬಿಟ್ಟದ್ದೇ ಅವನ ಕಥೆಯ ಬಹುಭಾಗ.

ಹಿಡಿದು ತಂದವನು ಶಮೀವೃಕ್ಷವನ್ನು ಹತ್ತಿ ಪಾಂಡವರ ಆಯುಧಗಳನ್ನು ಇಳಿಸುತ್ತಾನೆ. ಯಾರನ್ನು ಕಂಡು ಓಡಿದ್ದನೋ ಅದೇ ಭೀಷ್ಮದ್ರೋಣರ ನಡುವೆ ರಥ ನಡೆಸುತ್ತಾನೆ. ನಡುವೆ ತಲೆ ಸುತ್ತಿ, ಇನ್ನು ತನ್ನಿಂದಾಗದೆಂದು ಹೇಳುತ್ತಾನೆ. ಅರ್ಜುನ ಧೈರ್ಯ ಹೇಳಿದ ಮೇಲೆ ಮತ್ತೆ ಹಗ್ಗ ಹಿಡಿಯುತ್ತಾನೆ. ಇದೆಲ್ಲಕ್ಕಿಂತ ದೊಡ್ಡದು ಗೆದ್ದು ಮರಳುವಾಗಿನ ಪ್ರಸಂಗ. ತನ್ನ ಗುರುತು ಬಯಲಾಗದಿರಲೆಂದು ಅರ್ಜುನ, ಗೆದ್ದವನು ನೀನೇ ಎಂದು ತಂದೆಗೆ ಹೇಳು ಎನ್ನುತ್ತಾನೆ. ಆ ಕಾರ್ಯ ತನ್ನಿಂದಾಗುವಂಥದಲ್ಲವೆಂದು ಉತ್ತರ ಅಲ್ಲಿಯೇ ಹೇಳಿಬಿಡುತ್ತಾನೆ. ಅಷ್ಟರಲ್ಲಿ ದೂತರು ನಗರಕ್ಕೆ ಹೋಗಿ ರಾಜಪುತ್ರನ ವಿಜಯವನ್ನು ಸಾರಿಯಾಗಿದೆ. ಬೀದಿಗಳು ಸಿಂಗಾರಗೊಂಡಿವೆ. ಮಗನ ಗೆಲುವನ್ನು ಹೊಗಳದೆ ಬೃಹನ್ನಳೆಯನ್ನು ಹೊಗಳಿದ ಕಂಕನ ಮುಖಕ್ಕೆ ವಿರಾಟ ದಾಳವನ್ನು ಬೀಸಿ ರಕ್ತ ಬರಿಸಿದ್ದಾನೆ. ಇಷ್ಟು ಸಿದ್ಧವಾದ ಕೀರ್ತಿಯ ಎದುರು ಬಂದು ನಿಂತ ಉತ್ತರ, ಮೊದಲು ಕಂಕನ ಕ್ಷಮೆ ಕೇಳುವಂತೆ ತಂದೆಗೆ ಹೇಳುತ್ತಾನೆ. ಬಳಿಕ, ಗೋವುಗಳನ್ನು ಬಿಡಿಸಿದವನು ತಾನಲ್ಲ, ದೇವಪುತ್ರನೊಬ್ಬ. ಹೆದರಿ ಓಡುತ್ತಿದ್ದ ತನ್ನನ್ನು ತಡೆದು ನಿಲ್ಲಿಸಿದವನೂ ಅವನೇ ಎಂದು ತುಂಬಿದ ಸಭೆಯಲ್ಲಿ ಹೇಳುತ್ತಾನೆ. ಆಡದ ಕದನದ ಗೆಲುವನ್ನು ಬೆಳಿಗ್ಗೆ ತನ್ನದೆಂದು ಕೊಚ್ಚಿಕೊಂಡವನು, ಎಲ್ಲರೂ ತಂದು ಕೊಟ್ಟ ಗೆಲುವನ್ನು ಈಗ ತನ್ನದಲ್ಲವೆನ್ನುತ್ತಿದ್ದಾನೆ. ಕುರುಕ್ಷೇತ್ರದ ಮೊದಲ ದಿನವೇ ಆನೆಯೇರಿ ಶಲ್ಯನ ಮೇಲೆ ನುಗ್ಗುತ್ತಾನೆ. ಆನೆ ಶಲ್ಯನ ಕುದುರೆಗಳನ್ನು ತುಳಿಯುತ್ತದೆ, ಶಲ್ಯನೆಸೆದ ಶಕ್ತ್ಯಾಯುಧಕ್ಕೆ ಉತ್ತರ ಬಲಿಯಾಗುತ್ತಾನೆ. ಅಲ್ಲಿ ಒಲೆಯಿರಲಿಲ್ಲ.

ನಮ್ಮ ಕವಿಗಳು ಬದಿಗೆ ಸರಿದವರ ವಿಷಯದಲ್ಲಿ ಕಠಿಣರಲ್ಲ. ಪಂಪ ಕರ್ಣನನ್ನು ಮರೆಯಬೇಡಿರೆಂದ. ಕುವೆಂಪು ಮಂಥರೆಗೂ ಕರುಣೆಯ ಬೆಳಕು ಕಾಣಿಸಿದರು. ಉತ್ತರನಿಗೆ ದೊರೆತದ್ದು ಗಾದೆ. ಗಾದೆಯನ್ನು ನಾವು ತೆಗಳುತ್ತಿಲ್ಲ. ಬಡಾಯಿಯನ್ನು ಇಳಿಸಲು ಸಮಾಜಕ್ಕೆ ಒಂದು ಮಾತು ಬೇಕು, ಅಷ್ಟು ಚೆಲುವಾದ ಮಾತು ಸುಲಭವಾಗಿ ಸಿಗದು. ಆದರೆ ಗಾದೆ ಮನುಷ್ಯನ ಒಂದು ಬೆಳಗನ್ನು ಹಿಡಿದಿಟ್ಟುಕೊಂಡು ಅವನ ಸಂಜೆಯನ್ನು ಬಿಟ್ಟುಬಿಡುತ್ತದೆ. ನಕ್ಕವರು ನಕ್ಕು ಮನೆಗೆ ಹೋಗುತ್ತಾರೆ. ನಗಿಸಿಕೊಂಡವನು ಆಮೇಲೆ ಏನು ಮಾಡಿದನೆಂದು ನೋಡಲು ಯಾರೂ ಅಲ್ಲಿರುವುದಿಲ್ಲ.

ನಾಯಕನ ಬೆಳವಣಿಗೆಗಿಂತ ಇಂಥವರ ಬೆಳವಣಿಗೆ ಹೆಚ್ಚು ಗೌರವಕ್ಕೆ ಅರ್ಹವೆಂದು ನಮಗೆ ತೋರುವುದು ಇದರಿಂದಲೇ. ಆಂಗ್ ಬೆಳೆಯದಿದ್ದರೆ ಕಥೆಯೇ ನಿಲ್ಲುತ್ತದೆ, ಬೆಳೆಯಲೇಬೇಕು. ಧಾರಾವಾಹಿಯ ಅಭಿಮಾನಿಗಳು ಕೊಂಡಾಡುವ ಝೂಕೋ ಎಂಬ ಶತ್ರುರಾಜಕುಮಾರನ ಪರಿವರ್ತನೆಯೂ ಸೊಗಸೇ. ಆದರೆ ಅವನ ಬೆನ್ನಿಗೆ ಐರೋ ಎಂಬ ಜ್ಞಾನಿ ದೊಡ್ಡಪ್ಪನಿದ್ದಾನೆ, ಕಥೆಯೇ ಅವನಿಗಾಗಿ ಟೊಂಕ ಕಟ್ಟಿ ನಿಂತಿದೆ. ಸೊಕ್ಕ ಮೊದಲ ಕಂತಿನಂತೆಯೇ ಕೊನೆಯವರೆಗೆ ಇದ್ದಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ನಗಿಸಲು ಒಬ್ಬ ಬೇಕು, ಇದ್ದಾನೆ ಎನ್ನುತ್ತಿದ್ದೆವು. ಅವನ ಬೆಳವಣಿಗೆಯನ್ನು ಯಾವ ವಿಧಿಯೂ ಕೇಳಿರಲಿಲ್ಲ, ಯಾವ ಭವಿಷ್ಯವಾಣಿಯೂ ನುಡಿದಿರಲಿಲ್ಲ. ಬೇಡದಿದ್ದರೂ ಬೆಳೆದ. ಇಂತಹ ಪಾತ್ರವನ್ನು ಕನ್ನಡದಲ್ಲಿ ‘ಪೋಷಕ ಪಾತ್ರ’ ಎನ್ನುತ್ತೇವೆ. ಪೋಷಿಸುವವನು ತನ್ನನ್ನು ಪೋಷಿಸಿಕೊಳ್ಳುವುದು ಯಾರಿಗೂ ಕಾಣದ ಹೊತ್ತಿನಲ್ಲಿ.

ಈಗ, ಆ ವೇದಿಕೆಯ ದೃಶ್ಯ ನಮ್ಮನ್ನೇಕೆ ಕಾಡಿತೆಂಬುದನ್ನು ಹೇಳಬೇಕು.

ಬಹಳ ವರ್ಷಗಳ ಹಿಂದೆ ನಮ್ಮ ಸಂಘದ ರಾಜ್ಯೋತ್ಸವದಲ್ಲಿ ಹೈಸ್ಕೂಲಿನ ಹುಡುಗನೊಬ್ಬ ಭಾಷಣಕ್ಕೆ ಹೆಸರು ಕೊಟ್ಟಿದ್ದ. ವಾರವಿಡೀ ‘ನನ್ನ ಭಾಷಣ ಕೇಳಿ’ ಎಂದು ಎಲ್ಲರೆದುರು ಹೇಳಿಕೊಂಡು ತಿರುಗಿದವನು, ಮೈಕಿನ ಮುಂದೆ ಎರಡು ವಾಕ್ಯ ಆಡಿ, ಸಭೆಯನ್ನು ನೋಡಿ, ಪಕ್ಕದ ಬಾಗಿಲಿನಿಂದ ಓಡಿಹೋದ. ನಿರೂಪಣೆ ನಮ್ಮದಾಗಿತ್ತು. “ನಮ್ಮ ಉತ್ತರಕುಮಾರರು ರಥದಿಂದ ಇಳಿದರು” ಎಂದೆವು. ಸಭೆ ಚಪ್ಪಾಳೆ ತಟ್ಟಿ ನಕ್ಕಿತು. ನಾವು ನಮ್ಮ ಚಮತ್ಕಾರಕ್ಕೆ ನಾವೇ ಬೀಗಿದೆವು. ಅಂದಿನಿಂದ ಅವನು ಉತ್ತರಕುಮಾರ. ಅವನ ಮದುವೆಯ ಊಟದ ಪಂಕ್ತಿಯಲ್ಲಿಯೂ ಆ ಹೆಸರು ಕೇಳಿದ್ದೇವೆ.

ಅವನೀಗ ಗೂಡಲೂರಿನಲ್ಲಿ ಜೀಪು ಓಡಿಸುತ್ತಾನೆ. 2019ರ ಆಗಸ್ಟಿನ ಮಳೆಯನ್ನು ಈ ಜಿಲ್ಲೆ ಮರೆತಿಲ್ಲ. ಅವಲಾಂಚಿಯಲ್ಲಿ ಒಂದೇ ದಿನ 80 ಸೆಂಟಿಮೀಟರಿಗೂ ಮೀರಿ ಸುರಿದ ವಾರವದು. ಮಣ್ಣು ಕುಸಿದ ದಾರಿಗಳಲ್ಲಿ ಆ ಜೀಪು ಎಷ್ಟು ಮುದುಕರನ್ನು, ಎಷ್ಟು ಬಾಣಂತಿಯರನ್ನು ಪರಿಹಾರ ಶಿಬಿರಕ್ಕೆ ಮುಟ್ಟಿಸಿತೆಂಬುದನ್ನು ನಾವು ಇತರರ ಬಾಯಿಂದ ಕೇಳಿದೆವು, ಅವನು ಹೇಳಲಿಲ್ಲ. ಮಳೆ ನಿಂತ ಮೇಲಿನ ಸಂಘದ ಸಭೆಗೆ ಅವನು ಬಂದಾಗ ಹಿಂದಿನ ಸಾಲಿನಿಂದ ಯಾರೋ, “ಬಂದ ನೋಡಿ ಉತ್ತರಕುಮಾರ” ಎಂದರು. ಎಲ್ಲರೂ ನಕ್ಕರು. ಅವನೂ ನಕ್ಕ. ಆ ನಗೆಯನ್ನು ನಾವು ಹತ್ತಿರದಿಂದ ಕಂಡೆವು, ಕಂಡೂ ಸುಮ್ಮನಿದ್ದೆವು.

ಮೊಮ್ಮಗನಿಗೆ ಉತ್ತರನ ಉಳಿದ ಕಥೆಯನ್ನು ಹೇಳಿ ಮುಗಿಸಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೊದಲೇ ಯಾಕೆ ಹೇಳಲಿಲ್ಲ?” ಎಂದ.

ಈ ಸಮ್ಮೇಳನದ ಸಮಿತಿಗಳ ಪಟ್ಟಿಯಲ್ಲಿ, ಕೊನೆಯ ಪುಟದಲ್ಲಿ, ‘ವಾಹನ ವ್ಯವಸ್ಥೆ’ಯ ಅಡಿಯಲ್ಲಿ ಅವನ ಹೆಸರಿದೆ. ಮಸಿನಗುಡಿಯ ಕಡೆಯಿಂದ ಬರುವ ಅತಿಥಿಗಳನ್ನು ಕರೆತರುವ ವಿಚಾರವಾಗಿ ಮೊನ್ನೆ ಅವನಿಗೆ ಫೋನು ಮಾಡಿದೆವು. ತಂದೆತಾಯಿ ಇಟ್ಟ ಹೆಸರನ್ನು ಹಿಡಿದು ಕರೆದೆವು. ಆ ಕಡೆ ಕ್ಷಣಹೊತ್ತು ಸದ್ದಿಲ್ಲ.

“ಏನ್ ಸಾರ್,” ಎಂದ ಆಮೇಲೆ, “ಹುಷಾರಾಗಿದ್ದೀರಾ ತಾನೆ?”