ಆಲಮಟ್ಟಿಯ ಕಾರಂಜಿಯನ್ನು ನೋಡಿ ಸಂತೋಷಪಡುವದು ಯುಕ್ತವೋ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಗಳ ಬೇಸಿಗೆಯು ಎಂಥಾದ್ದೆಂದು ನಿಮಗೆ ತಿಳಿಸುವದು ಅವಶ್ಯವಿಲ್ಲ. ಎರೆಹೊಲಗಳು ಬಾಯಿಬಿಟ್ಟಿರುವ ಆ ದಿನಗಳಲ್ಲಿ ನಮ್ಮ ಹಳ್ಳಿಗಳವರು ಹೆಂಡರು ಮಕ್ಕಳ ಸಹಿತವಾಗಿ ಕೃಷ್ಣಾ ತೀರದ ಆಲಮಟ್ಟಿಗೆ ಹೋಗುವದುಂಟು. ಮೊದಲು ಬಸವನ ಬಾಗೇವಾಡಿ ತಾಲೂಕಿನಲ್ಲಿದ್ದು ಈಗ ನಿಡಗುಂದಿ ತಾಲೂಕಿಗೆ ಸೇರಿರುವ ಆ ಊರಲ್ಲಿ ಅಣೆಕಟ್ಟಿನ ಬಳಿ ದೊಡ್ಡ ಹೂದೋಟಗಳಿವೆ. ಹೊತ್ತು ಮುಳುಗಿದ ಮೇಲೆ ಅಲ್ಲಿ ಸಂಗೀತ ಕಾರಂಜಿಯು ನಡೆಯುವದು. ಹಾಡು ಏರಿದರೆ ನೀರು ಏರುವದು, ಹಾಡು ಇಳಿದರೆ ನೀರು ಬಾಗುವದು. ಬಣ್ಣಬಣ್ಣದ ದೀಪಗಳು ಅದನ್ನು ಬೆಳಗಿಸುವವು. ಹಾಡುವವರು ಎದುರಿಗೆ ಇಲ್ಲ, ಯಂತ್ರವೇ ಹಾಡುವದು. ಆದರೂ ಬಯಲಲ್ಲಿ ಕೂತ ಜನರು ತಲೆದೂಗುವರು.

ನಾನೂ ಒಂದು ಸಂಜೆ ಹಾಗೆ ಕೂತಿದ್ದೆನು. ಪಕ್ಕದಲ್ಲಿ ಮುಪ್ಪಿನ ರೈತನೊಬ್ಬನು ಮೊಮ್ಮಗಳನ್ನು ತೊಡೆಯ ಮೇಲೆ ಕೂಡ್ರಿಸಿಕೊಂಡಿದ್ದನು. ಎಲ್ಲರೂ ಕಾರಂಜಿಯನ್ನು ನೋಡುತ್ತಿರಲು ಇವನು ಪದೇ ಪದೇ ಕತ್ತಲಲ್ಲಿದ್ದ ಅಣೆಕಟ್ಟಿನ ಕಡೆಗೆ ತಿರುಗುತ್ತಿದ್ದನು.

"ಯಾಕ್ರೀ ಯಜಮಾನ್ರ, ಮನಸ್ಸಿಗೆ ಬರಲಿಲ್ಲೇನು?" ಎಂದು ಕೇಳಿದೆನು.

"ಛಲೋ ಐತ್ರೀ. ಆದ್ರ ನಮ್ಮ ಹೊಲ ಆ ನೀರಾಗ ಐತಿ. ನಮ್ಮ ಅವ್ವನ ಗೋರೀನೂ ಅಲ್ಲೇ ಐತಿ," ಅಂದನು.

ಆಮೇಲೆ ಹಾಡು ನನ್ನ ಕಿವಿಗೆ ಮೊದಲಿನಂತೆ ಕೇಳಲಿಲ್ಲ. ಮತ್ತೊಬ್ಬನ ನಷ್ಟದಿಂದ ಬಂದ ಸಂತೋಷವನ್ನು ನಾವು ಅನುಭವಿಸಬಹುದೋ?

1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಈ ಕಟ್ಟೆಗೆ ಅಡಿಗಲ್ಲನ್ನಿಟ್ಟರು. 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಅದನ್ನು ನಾಡಿಗೆ ಒಪ್ಪಿಸಿದರು. ಅಷ್ಟರೊಳಗೆ ನದೀತೀರದ ಅನೇಕ ಹಳ್ಳಿಗಳೂ ಬಾಗಲಕೋಟೆ ಪಟ್ಟಣದ ಒಂದು ಭಾಗವೂ ನೀರಿನ ಪಾಲಾದವು. ಇದು ಮುಗಿದ ಮಾತೂ ಅಲ್ಲ. ಈಗ ನೀರು 519.60 ಮೀಟರ್ ಮಟ್ಟದ ವರೆಗೆ ನಿಲ್ಲುವದು. 2010ರಲ್ಲಿ ಕೃಷ್ಣಾ ನ್ಯಾಯಮಂಡಳಿಯು 524.256 ಮೀಟರಿಗೆ ಒಪ್ಪಿಗೆ ಕೊಟ್ಟಿತು. ಅಷ್ಟು ನಿಂತರೆ ಇನ್ನೂ ಹಳ್ಳಿಗಳು ಏಳಬೇಕು.

ಬೇತ್ಲೆಹೇಮಿನ ಬಾವಿಯ ನೀರನ್ನು ಮೂವರು ಶೂರರು ಜೀವದಾಸೆ ಬಿಟ್ಟು ತಂದಾಗ ದಾವೀದನು ಅದನ್ನು ಕುಡಿಯದೆ ಹೊಯಿದುಬಿಟ್ಟದ್ದನ್ನು ನೀವು ಬಲ್ಲಿರಿ. ಹಾಗಾದರೆ ನಾವೂ ತೋಟಕ್ಕೆ ಬೆನ್ನು ತಿರುಗಿಸಬೇಕೋ? ಹಾಡು ಕೇಳುವದೇ ಪಾಪವೆನ್ನುವವರು ಕೂಡಲೇ ಹೌದೆನ್ನುವರು. ಅವರ ಸಂಗಡ ನನಗೆ ವಾದವಿಲ್ಲ, ಯಾಕಂದರೆ ಅವರು ಮುಳುಗಿದ ಹೊಲಕ್ಕಾಗಿ ಮರುಗುವವರಲ್ಲ. ಸರಕಾರವು ಪರಿಹಾರವನ್ನು ಕೊಟ್ಟಾಯಿತಲ್ಲಾ ಎಂದು ಬೇರೆ ಕೆಲವರು ಹೇಳುವರು. ಹೊಲಕ್ಕೆ ಬೆಲೆ ಕಟ್ಟಬಹುದು. ತಾಯಿಯ ಗೋರಿಗೆ ಯಾವ ಅಮಲ್ದಾರನು ಬೆಲೆ ಕಟ್ಟಿಯಾನು?

ಆದರೂ ನಾನು ಮನೆಯಲ್ಲಿ ಕೂತರೆ ಆ ಮುದುಕನ ಹೊಲವು ನೀರಿನಿಂದ ಮೇಲಕ್ಕೆ ಬರುವದಿಲ್ಲ. ಇದಲ್ಲದೆ ಈ ನೀರನ್ನು ಕುಡಿಯುವವರು ತೋಟಕ್ಕೆ ಹೋದವರು ಮಾತ್ರವೇ ಅಲ್ಲ. ಆಲಮಟ್ಟಿಯಿಂದ ಬಿಟ್ಟ ನೀರು ಕೆಳಗಿನ ನಾರಾಯಣಪುರದಲ್ಲಿ ನಿಂತು, ಅಲ್ಲಿಯ ಎಡದಂಡೆ ಕಾಲುವೆಯಿಂದ ಇಂಡಿ ಶಾಖಾ ಕಾಲುವೆಗೆ ಹರಿಯುವದು. 1876–78ರ ಮಹಾಕ್ಷಾಮದಲ್ಲಿ ಈ ಸೀಮೆಯು ಪಟ್ಟ ಪಾಡನ್ನು ಬಲ್ಲವನು ಆ ಕಾಲುವೆಯನ್ನು ಬೇಡವೆನ್ನಲಾರನು. ಆದಕಾರಣ ಕಾರಂಜಿಯನ್ನು ಬಿಟ್ಟು ಕಾಲುವೆಯನ್ನು ಇಟ್ಟುಕೊಂಡವನು ಏನನ್ನೂ ಹೊಯಿದಂತಾಗಲಿಲ್ಲ. ಅಗ್ಗದ್ದನ್ನು ಬಿಟ್ಟು ಬೆಲೆಯುಳ್ಳದ್ದನ್ನು ಇಟ್ಟುಕೊಂಡನಷ್ಟೇ.

ದಾವೀದನ ಎದುರಿಗೆ ಆ ಮೂವರು ನಿಂತಿದ್ದರು; ಅವರು ಯಾರೆಂದು ಅವನಿಗೆ ಗೊತ್ತಿತ್ತು. ನಮ್ಮ ತಪ್ಪು ಹಾಡನ್ನು ಕೇಳಿದ್ದರಲ್ಲಿ ಇಲ್ಲ, ನೀರನ್ನು ತಂದವರು ಯಾರೆಂದು ಕೇಳದೆ ಇದ್ದದ್ದರಲ್ಲಿ ಉಂಟೆಂದು ನನಗೆ ತೋರುವದು. ಊರ ಪಕ್ಕದ ಪುನರ್ವಸತಿ ಕೇಂದ್ರಕ್ಕೆ ಬಂದು ನೆಲೆಸಿದವರನ್ನು ನಾವು ಏನೆಂದು ಕರೆಯುತ್ತೇವೆ? "ಮುಳುಗಡೆಯವರು" ಎನ್ನುತ್ತೇವೆ. ಅವರ ದನಗಳು ನಮ್ಮ ಗೋಮಾಳಕ್ಕೆ ಬಂದರೆ ಜಗಳಕ್ಕೆ ನಿಲ್ಲುತ್ತೇವೆ. ಕಾಲುವೆಯ ನೀರು ನಮಗೆ ಬೇಕು, ಹಳ್ಳಿಯನ್ನು ಬಿಟ್ಟುಕೊಟ್ಟವರ ಎಮ್ಮೆಗೆ ಹಿಡಿ ಹುಲ್ಲು ಬೇಡ! ಆ ಹುಲ್ಲನ್ನು ಬಿಟ್ಟುಕೊಟ್ಟವನು ನಿಜವಾಗಿಯೂ ಏನನ್ನಾದರೂ ಹೊಯಿದವನಾಗುವನು. ಅಂಥವನು ತೋಟಕ್ಕೆ ಹೋಗಿ ತಲೆದೂಗಿದರೆ ನಾನು ಆಕ್ಷೇಪಿಸೆನು.

ಹಾಡು ನಿಂತು ದೀಪಗಳು ಆರಿದಾಗ ಆ ಹುಡುಗಿಯು, "ಮುತ್ಯಾ, ಇನ್ನೊಂದ ಸಲ!" ಎಂದು ಹಟ ಮಾಡಿದಳು. ಮುದುಕನು ನಕ್ಕು ಅವಳನ್ನು ಹೆಗಲ ಮೇಲೆ ಕೂಡ್ರಿಸಿಕೊಂಡನು. ನಾನು ಅವನ ಹಳ್ಳಿಯ ಹೆಸರನ್ನು ಕೇಳಿದೆನು. ಅವನು ಹೇಳುವದಕ್ಕಿಂತ ಮುಂಚೆ ಅವಳೇ ಹೇಳಿದಳು. ಆ ಹಳ್ಳಿಯನ್ನು ಅವಳು ನೋಡಿದ್ದೇ ಇಲ್ಲ.